ಪಿನ್ನಿನ ಕೆಳಗಿನ ಪಿನ್ನು

ನಮ್ಮ ಜೀಪ್ ಶೆಡ್ಡಿನ ಬಾಗಿಲ ಒಳಬದಿಯಲ್ಲಿ ಒಂದು ಪ್ಲೈವುಡ್ ಹಲಗೆ ನೇತುಹಾಕಿದ್ದೇನೆ. ಅದರ ಮೇಲೆ ಬಿಳಿ ಪೇಂಟಿನಲ್ಲಿ ಹನ್ನೊಂದು ಸಾಲು. ಮನೆಗೆ ಬಂದವರು ನೋಡಿ ಇದೇನು ಎಂದು ಕೇಳುತ್ತಾರೆ. ಜೀಪಿಗೆ ಟ್ರೇಲರ್ ಕಟ್ಟಿ ಹೊರಡುವ ಮೊದಲು ಓದುವ ಪಟ್ಟಿ ಎನ್ನುತ್ತೇನೆ. "ಇಷ್ಟು ವರ್ಷ ಓಡಿಸಿದ್ದೀರಿ, ಇನ್ನೂ ಓದಬೇಕಾ?" ಎನ್ನುತ್ತಾರೆ. ಇಷ್ಟು ವರ್ಷ ಓಡಿಸಿದ್ದರಿಂದಲೇ ಓದಬೇಕು. ಹೊಸಬರಿಗೆ ಭಯ ಇರುತ್ತದೆ, ಅವರು ಎರಡೆರಡು ಸಲ ನೋಡುತ್ತಾರೆ. ನನ್ನಂಥವರ ಕೈ ತಾನಾಗಿಯೇ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಎಂಟು ಎಕರೆ ತೋಟ. ರೋಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಸ್ವಲ್ಪ ಗದ್ದೆ. ತೋಟ ತಗ್ಗಿನಲ್ಲಿದೆ. ಮನೆ, ಕಣ ಎರಡೂ ಮೇಲಿವೆ. ಕೊಯ್ದ ಹಣ್ಣನ್ನು ಮೇಲಕ್ಕೆ ತರುವುದೇ ದೊಡ್ಡ ಕೆಲಸ. ಅದಕ್ಕೆ ಹಳೆಯ ಜೀಪು, ಅದರ ಹಿಂದೆ ಎರಡು ಚಕ್ರದ ಟ್ರೇಲರ್. ಟ್ರೇಲರ್ ಖಾಲಿ ಇದ್ದಾಗಲೇ 250 ಕಿಲೋ. ಅದಕ್ಕೆ ತನ್ನದೇ ಬ್ರೇಕ್ ಇಲ್ಲ. ನಿಲ್ಲಿಸುವುದೇನಿದ್ದರೂ ಜೀಪೇ ನಿಲ್ಲಿಸಬೇಕು.

ಮೂರು ವರ್ಷದ ಹಿಂದಿನ ಜನವರಿ. ಕೊಯ್ಲು ಜೋರಾಗಿತ್ತು. ಸಂಜೆ ಐದು ಗಂಟೆಗೆ ಟ್ರೇಲರ್‌ನಲ್ಲಿ ಹನ್ನೆರಡು ಚೀಲ ಹಣ್ಣು ತುಂಬಿತ್ತು. ಹಸಿ ಹಣ್ಣಿನ ಚೀಲ ಒಂದೊಂದೂ 50 ಕಿಲೋ ದಾಟುತ್ತದೆ. ಜೀಪಿಗೂ ಟ್ರೇಲರ್‌ಗೂ ಇರುವ ಕೊಂಡಿಗೆ ಹಿಚ್ ಎನ್ನುತ್ತೇವೆ. ನಾನು ಅದಕ್ಕೆ ದಪ್ಪ ಪಿನ್ ಇಳಿಸಿದೆ. ಆ ಪಿನ್ನಿನ ಕೆಳತುದಿಯಲ್ಲಿ ಒಂದು ತೂತು ಇದೆ. ಅದರೊಳಗೆ ಬೆರಳುದ್ದದ ಇನ್ನೊಂದು ಪಿನ್ ಹಾಕಬೇಕು, ದಪ್ಪ ಪಿನ್ ಮೇಲೆ ಹಾರದ ಹಾಗೆ. ಅದನ್ನು ಕೈಯಲ್ಲಿ ಹಿಡಿದು ಬಗ್ಗುವಾಗಲೇ ಫೋನ್ ಬಂತು. ಕಾಫಿ ರೇಟಿನ ವಿಷಯ. ಎರಡು ದಿನದಿಂದ ಕಾಯುತ್ತಿದ್ದ ಫೋನು. ಎದ್ದು ನಿಂತು ಮಾತಾಡಿದೆ. ಮುಗಿಸಿ ಸೀದಾ ಹೋಗಿ ಜೀಪ್ ಹತ್ತಿದೆ.

ಮೂರನೇ ತಿರುವಿನಲ್ಲಿ ಒಂದು ಬೇರು ದಾರಿಗೆ ಅಡ್ಡ ಎದ್ದಿದೆ. ಅದನ್ನು ದಾಟಿದಾಗ ಜೀಪು ಒಮ್ಮೆಲೇ ಹಗುರಾಯಿತು. ಆ ಹಗುರ ನನಗೆ ಇವತ್ತಿಗೂ ಬೆನ್ನಿನಲ್ಲಿ ನೆನಪಿದೆ. ತಿರುಗಿ ನೋಡಿದರೆ ಟ್ರೇಲರ್ ಹಿಂದಕ್ಕೆ ಓಡುತ್ತಿದೆ. ಸದ್ದು ಕೂಡ ಹೆಚ್ಚಿಲ್ಲ. ನಲವತ್ತು ಅಡಿ ಹೋಗಿ ಒಂದು ಸಿಲ್ವರ್ ಮರಕ್ಕೆ ಹೊಡೆದು ಮಗುಚಿತು. ನಾಲ್ಕು ಕಾಫಿ ಗಿಡ ಬುಡಸಮೇತ ಹೋದವು. ಹಣ್ಣು ಇಳಿಜಾರಿನ ಉದ್ದಕ್ಕೂ ಚೆಲ್ಲಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ಹೇಗೆ ಆಗಲಿಲ್ಲ ಎಂಬುದನ್ನು ಹೇಳಬೇಕು. ದಿನವೂ ಕೆಲಸ ಮುಗಿಸಿದ ಹೆಂಗಸರು ಇದೇ ದಾರಿಯಲ್ಲಿ, ಟ್ರೇಲರ್‌ನ ಹಿಂದೆಯೇ ಮೇಲೆ ನಡೆದು ಬರುತ್ತಿದ್ದರು. ಅವರು ವಾಸಿಸುವ ಲೈನ್‌ಮನೆಗೆ ಹೋಗಲು ಅದೇ ದಾರಿ. ಅವತ್ತು ಒಬ್ಬರ ತೂಕದ ಲೆಕ್ಕ ತಪ್ಪಿತ್ತು. ಅದನ್ನು ಸರಿ ಮಾಡಿಸಿಕೊಳ್ಳಲು ಎಲ್ಲರೂ ಕೆಳಗೆ ಐದು ನಿಮಿಷ ಹೆಚ್ಚು ನಿಂತರು. ಅಷ್ಟೇ. ಅವರನ್ನು ಉಳಿಸಿದ್ದು ಒಂದು ಕೂಡುವ ಲೆಕ್ಕದ ತಪ್ಪು. ನಾನಲ್ಲ.

ರಾತ್ರಿ ಬಟ್ಟೆ ಬದಲಾಯಿಸುವಾಗ ಸ್ವೆಟರಿನ ಜೇಬಿನಲ್ಲಿ ಆ ಸಣ್ಣ ಪಿನ್ ಸಿಕ್ಕಿತು.

ನಿದ್ದೆ ಬರಲಿಲ್ಲ. ಮರುದಿನದಿಂದ ಇದರ ಬಗ್ಗೆ ಓದಲು ಶುರು ಮಾಡಿದೆ, ತಿಳಿದವರನ್ನು ಕೇಳಿದೆ. ಮೊದಲು ಗೊತ್ತಾಗಿದ್ದು, ತಪ್ಪು ಒಂದಲ್ಲ, ಮೂರು ಎಂದು. ಲಾಕ್ ಪಿನ್ ಇರಲಿಲ್ಲ, ಸರಿ. ಅದರ ಜೊತೆಗೆ ಹನ್ನೆರಡು ಚೀಲದಲ್ಲಿ ಜಾಸ್ತಿ ಚೀಲಗಳನ್ನು ಹಿಂಬದಿಗೆ ಒಟ್ಟಿದ್ದೆವು. ಇಳಿಸುವುದು ಸುಲಭ ಎಂದು ಯಾವಾಗಲೂ ಹಾಗೇ ಮಾಡುತ್ತಿದ್ದೆವು. ಎರಡು ಚಕ್ರದ ಟ್ರೇಲರ್ ತಕ್ಕಡಿ ಇದ್ದ ಹಾಗೆ. ಹಿಂದೆ ಭಾರವಾದರೆ ಮುಂದಿನ ಮೂತಿ ಮೇಲೇಳುತ್ತದೆ. ಏರು ಹತ್ತುವಾಗ ಭಾರ ಇನ್ನೂ ಹಿಂದಕ್ಕೆ ವಾಲುತ್ತದೆ. ಅಂದರೆ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ನಾವೇ ತಳ್ಳುತ್ತಾ ಹೋಗಿದ್ದೆವು. ಬೇರಿನ ಮೇಲೆ ಕುಲುಕಿದ ಕೂಡಲೇ ಅದು ಹಾರಿತು. ಮೂರನೆಯದು, ಸರಪಳಿ ಇರಲೇ ಇಲ್ಲ. ಹಿಚ್ ಬಿಟ್ಟರೂ ಟ್ರೇಲರ್ ಜೀಪಿನಿಂದ ದೂರ ಹೋಗದ ಹಾಗೆ ಎರಡು ಸರಪಳಿ ಕಟ್ಟಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಭಾರದ ಲೆಕ್ಕವೂ ತಪ್ಪಿತ್ತು. ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆ ಕ್ಯಾರವಾನ್ ಎಂಬ ಚಕ್ರದ ಮನೆ, ಟ್ರೇಲರ್ ಎಳೆಯುವುದು ಮಾಮೂಲಿ. ಅಲ್ಲಿ ಸಾಮಾನು ಸೇರಿ 750 ಕಿಲೋ ದಾಟುವ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ನನ್ನದು ಹನ್ನೆರಡು ಚೀಲದೊಂದಿಗೆ 850ರ ಮೇಲಿತ್ತು. ಈಗ ಎಂಟೇ ಚೀಲ. ಒಂಬತ್ತಲ್ಲ. ಮಳೆ ಬರುವ ಹಾಗಿದ್ದರೂ, ಕತ್ತಲಾಗುತ್ತಿದ್ದರೂ ಎಂಟೇ. ಇನ್ನೊಂದು ಟ್ರಿಪ್ ಹೊಡೆದರೆ ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ.

ಹಿಚ್ ಮೇಲೆ ಎಷ್ಟು ಭಾರ ಕೂರಬೇಕು ಎಂಬುದಕ್ಕೂ ಒಂದು ಲೆಕ್ಕ ಸಿಕ್ಕಿತು. ಅಮೆರಿಕದಲ್ಲಿ ಟ್ರೇಲರ್ ಎಳೆಯುವವರು ಒಟ್ಟು ತೂಕದ 10ರಿಂದ 15 ಪಾಲು ಎನ್ನುತ್ತಾರೆ, ನೂರಕ್ಕೆ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಿಂದೆ ಬಾಲದ ಹಾಗೆ ಓಲಾಡಲು ಶುರು ಮಾಡುತ್ತದೆ. ತೀರಾ ಜಾಸ್ತಿಯಾದರೆ ಎಳೆಯುವ ಗಾಡಿಯ ಮೂತಿ ಎದ್ದು ಮುಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಅಳೆಯುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಕಾಫಿ ತೂಗುವ ಯಂತ್ರ ಕಣದಲ್ಲೇ ಇದೆ ಅಲ್ವಾ! ಸಮತಟ್ಟು ಜಾಗದಲ್ಲಿ ಟ್ರೇಲರ್ ಚಕ್ರಗಳಿಗೆ ಕಲ್ಲು ಕೊಟ್ಟು, ಯಂತ್ರದ ಮೇಲೆ ಮರದ ತುಂಡು ಇಟ್ಟು, ಜೀಪಿಗೆ ಕಟ್ಟಿದಾಗ ಮೂತಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಕೂರಿಸಿದೆ. ಎಂಟು ಚೀಲವನ್ನು ಹಳೆಯ ರೀತಿ ಹಿಂದೆ ಒಟ್ಟಿದಾಗ 22 ಕಿಲೋ ತೋರಿಸಿತು. ಎರಡು ಚೀಲ ಮುಂದಕ್ಕೆ ಎಳೆದಾಗ 80. ಅಲ್ಲಿಗೆ ಟ್ರೇಲರ್ ನೆಲದ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದೆ. ಮೊದಲ ಐದು ಚೀಲ ಆ ಗೆರೆಯ ಮುಂದೆ. ಈಗ ಯಾರು ತುಂಬಿದರೂ ಕೇಳುವ ಅಗತ್ಯವೇ ಇಲ್ಲ.

ಪಟ್ಟಿ ಬರೆಯುವ ಯೋಚನೆ ಬಂದಿದ್ದು ಒಂದು ವಿಮಾನದ ಕತೆಯಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನದ ಪರೀಕ್ಷೆ ನಡೆಯುತ್ತಿತ್ತು. ಮಾಡೆಲ್ 299 ಎಂದು ಅದರ ಹೆಸರು. ಗಾಡಿ ನಿಂತಿರುವಾಗ ಬಾಲದ ರೆಕ್ಕೆಗಳು ಗಾಳಿಗೆ ಹೊಡೆದುಕೊಳ್ಳದಂತೆ ಹಿಡಿದಿಡುವ ಒಂದು ಲಾಕ್ ಅದರಲ್ಲಿತ್ತು. ಹಾರುವ ಮೊದಲು ಅದನ್ನು ಬಿಡಿಸಬೇಕಿತ್ತು. ಬಿಡಿಸಲು ಮರೆತರು. ವಿಮಾನ ಮೇಲೇರಿ, ಮೂತಿ ಎತ್ತಿ, ಬಿದ್ದು ಉರಿಯಿತು. ಇಬ್ಬರ ಪ್ರಾಣ ಹೋಯಿತು. ಓಡಿಸುತ್ತಿದ್ದವರು ತುಂಬಾ ಅನುಭವಿಗಳು. ವಿಮಾನದಲ್ಲೂ ದೋಷ ಇರಲಿಲ್ಲ. ಆಮೇಲೆ ಪೈಲಟ್‌ಗಳು ಹೊರಡುವ ಮೊದಲು, ಹಾರುವ ಮೊದಲು, ಇಳಿಯುವ ಮೊದಲು ಏನೇನು ನೋಡಬೇಕು ಎಂದು ಪಟ್ಟಿ ಮಾಡಿಕೊಂಡರು. ಅದೇ ವಿಮಾನ ಮುಂದೆ ಬಿ-17 ಎಂದು ಸಾವಿರಾರು ಸಂಖ್ಯೆಯಲ್ಲಿ ಹಾರಿತು. ಓದುವಾಗ ನನ್ನ ಸ್ವೆಟರ್ ಜೇಬಿನ ಪಿನ್ ಕಣ್ಣ ಮುಂದೆ ಬಂತು. ಅದೂ ಒಂದು ಲಾಕು, ಇದೂ ಒಂದು ಲಾಕು.

ಇದೇನೂ ನನಗೆ ಹೊರಗಿನ ವಿದ್ಯೆ ಅನಿಸಲಿಲ್ಲ. ನಮ್ಮ ಅಪ್ಪ ಕೋವಿ ಕೈಗೆ ಕೊಡುವ ರೀತಿ ನೆನಪಾಯಿತು. ಕೈಲ್ ಮುಹೂರ್ತ ಎಂದರೆ ಕೊಡಗಿನ ಆಯುಧ ಪೂಜೆಯ ಹಬ್ಬ. ಆ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಪೂಜೆಗೆ ಇಡುವ ಮೊದಲು ಅಪ್ಪ ಜೋಡುನಳಿಗೆ ಕೋವಿಯನ್ನು ಮಡಚಿ ತೆರೆದು ನೋಡುತ್ತಿದ್ದರು. ಒಳಗೆ ಬೆರಳೂ ಹಾಕುತ್ತಿದ್ದರು. ಎತ್ತುವಾಗ ಮತ್ತೆ ಅದೇ. ನನ್ನ ಕೈಗೆ ಕೊಟ್ಟರೆ ನಾನೂ ಅವರೆದುರೇ ತೆರೆದು ನೋಡಬೇಕು. "ಈಗ ತಾನೇ ನೀವೇ ನೋಡಿದಿರಲ್ಲ ಅಪ್ಪ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ನಾನು ನೋಡಿದ್ದು ನಾನು. ನೀನು ನೋಡು" ಎಂದಿದ್ದರು. ಅವರ ಕೈಯಲ್ಲಿ ಕೋವಿ ಎಂದೂ ಅಚಾನಕ್ಕಾಗಿ ಸಿಡಿಯಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು, ಟ್ರೇಲರ್ ವಿಷಯಕ್ಕೆ ಮಾತ್ರ ಅದನ್ನು ಕಲಿಯಲೇ ಇಲ್ಲ.

ನನ್ನ ಮೊದಲ ಪಟ್ಟಿ ಕೆಟ್ಟದಾಗಿತ್ತು. 34 ಸಾಲು. ಎಣ್ಣೆ, ನೀರು, ಬೆಲ್ಟು, ಹಾರ್ನು, ಆರ್‌ಸಿ, ಇನ್ಶೂರೆನ್ಸು ಎಲ್ಲ ತುಂಬಿಸಿದ್ದೆ. ಒಂದು ವಾರ ಓದಿದೆ. ಎರಡನೇ ವಾರ ಸುಮ್ನೆ ಕಣ್ಣಾಡಿಸಿ ಟಿಕ್ ಹಾಕಿದೆ. ಒಂದು ದಿನ ಲೈಟ್ ಎದುರಿಗೆ ಟಿಕ್ ಇದೆ, ಹಿಂದಿನ ಲೈಟ್ ಉರಿಯುತ್ತಿಲ್ಲ. ನೋಡದೆ ಹಾಕಿದ ಟಿಕ್ಕು ಪಟ್ಟಿಯೇ ಇಲ್ಲದ್ದಕ್ಕಿಂತ ಅಪಾಯ. ನೋಡಿದೆ ಎಂಬ ಧೈರ್ಯ ಕೊಟ್ಟುಬಿಡುತ್ತದೆ. ಎಣ್ಣೆ ನೀರು ಭಾನುವಾರಕ್ಕೆ ಹೋಯಿತು. ಕಾಗದಪತ್ರ ಜೀಪಿನ ಡಬ್ಬಿಯಲ್ಲೇ ಇರುತ್ತದೆ. ತಪ್ಪಿದರೆ ಜೀವಕ್ಕೆ ಕುತ್ತು ಬರುವಂಥದ್ದು ಮಾತ್ರ ಹಲಗೆಯ ಮೇಲೆ ಉಳಿಯಿತು.

ಜೋರಾಗಿ ಓದುವುದನ್ನು ಕಲಿಸಿದ್ದು ಹತ್ತು ವರ್ಷದ ಒಂದು ಹುಡುಗಿ. ಕಳೆದ ಅಕ್ಟೋಬರಿನಲ್ಲಿ ಮೈಸೂರಿನ ಒಂದು ಕುಟುಂಬ ಬಾಡಿಗೆ ಕ್ಯಾರವಾನ್‌ನಲ್ಲಿ ಬಂದು ನಮ್ಮ ಕಣದಲ್ಲಿ ಎರಡು ರಾತ್ರಿ ತಂಗಿತ್ತು. ಮಲಗುವ ಜಾಗ, ಅಡುಗೆ ಜಾಗ, ಬಾತ್‌ರೂಮು ಎಲ್ಲ ಒಂದೇ ಗಾಡಿಯಲ್ಲಿ. ಅಕ್ಟೋಬರಿನಲ್ಲಿ ಕಣ ಖಾಲಿ ತಾನೆ. ಹೊರಡುವ ಬೆಳಿಗ್ಗೆ ಮಗಳು ಮೆಟ್ಟಿಲ ಮೇಲೆ ನಿಂತು ಒಂದು ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. "ಗ್ಯಾಸ್ ಸಿಲಿಂಡರ್ ಬಂದ್?" ಅಪ್ಪ ಹೋಗಿ ಕೈಯಿಟ್ಟು ತಿರುಗಿಸಿ ನೋಡಿ "ಬಂದ್" ಎನ್ನುತ್ತಿದ್ದರು. "ಚಾವಣಿ ಕಿಟಕಿ?" "ಹಾಕಿದೆ." "ಫ್ರಿಜ್ ಬಾಗಿಲ ಕೊಂಡಿ?" "ಹಾಕಿದೆ." "ಕಪಾಟು? ನೀರಿನ ಪೈಪು? ಬದಿಯ ನೆರಳು ಬಟ್ಟೆ ಸುತ್ತಿದ್ದು?" ಕೊನೆಗೆ ಅವಳು ಇಳಿದು, ಮೆಟ್ಟಿಲು ಮಡಚಿ, "ಮೆಟ್ಟಿಲು!" ಎಂದು ತಾನೇ ಹೇಳಿದಳು. ಸ್ಟಿಯರಿಂಗ್ ಎದುರು ಗಾಡಿಯ ಎತ್ತರ ದೊಡ್ಡದಾಗಿ ಬರೆದು ಅಂಟಿಸಿತ್ತು. ಅದು ನೋಡಿಯೇ ನಾನು ಗೇಟಿನ ಹತ್ತಿರದ ಹಲಸಿನ ಕೊಂಬೆಯನ್ನು ಏಣಿ ಇಟ್ಟು ಅಳೆದೆ. ಒಂದು ಗೇಣು ಕಡಿಮೆ ಇತ್ತು. ಕೊಂಬೆ ಕಡಿಸಿ ಕಳಿಸಿದೆ.

ಮರುದಿನದಿಂದ ನಾವೂ ಇಬ್ಬರಾದೆವು. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಹಿರಿಯರು ಇದ್ದಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರಿಗೆ ಓದು ಬರುವುದಿಲ್ಲ. ನಾನು ಓದುತ್ತೇನೆ, ಅವರು ಮುಟ್ಟುತ್ತಾರೆ. ಮುಟ್ಟಿದ ಮೇಲೆ "ಉಂಟು ಅಮ್ಮ" ಎನ್ನಬೇಕು. ಮುಟ್ಟದೆ ಹೇಳುವ ಹಾಗಿಲ್ಲ. ಇಬ್ಬರ ಫೋನೂ ಆ ಹೊತ್ತಿಗೆ ಶೆಡ್ಡಿನ ಕಿಟಕಿಯ ಮೇಲೆ. ಮಧ್ಯೆ ಯಾರಾದರೂ ಕರೆದು ಮಾತಾಡಿಸಿದರೆ ಪಟ್ಟಿ ಮತ್ತೆ ಒಂದನೇ ಸಾಲಿನಿಂದ. ಹತ್ತನೇ ಸಾಲಿನಲ್ಲಿದ್ದರೂ ಒಂದರಿಂದಲೇ. ಈ ನಿಯಮದ ಬಗ್ಗೆ ನಾನು ತುಂಬಾ ಗಟ್ಟಿ. ನನ್ನ ಅಪಘಾತ ಆಗಿದ್ದೇ ಅರ್ಧಕ್ಕೆ ಬಿಟ್ಟು ಎದ್ದದ್ದರಿಂದ.

ಹಲಗೆಯ ಮೊದಲ ಸಾಲು "ದಾರಿ ಕೇಳು". ಟ್ರೇಲರ್ ಕಟ್ಟಿದ ಮೇಲೆ ಇಕ್ಕಟ್ಟಿನಲ್ಲಿ ತಿರುಗಿಸುವುದು ಆಗದ ಮಾತು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಗೊಬ್ಬರ ತರಲು ಹೊರಟರೂ ಮೊದಲು ಆ ಕಡೆಯವರಿಗೆ ಫೋನ್ ಮಾಡಿ ಕೇಳುತ್ತೇನೆ. ಆಮೇಲೆ ದಪ್ಪ ಪಿನ್, ಸಣ್ಣ ಪಿನ್. ಅವೆರಡೂ ಬೇರೆ ಬೇರೆ ಸಾಲು, ಬೇಕೆಂದೇ. ಆಮೇಲೆ ಸರಪಳಿ. ಎರಡು ಸರಪಳಿಯನ್ನು ಹಿಚ್‌ನ ಕೆಳಗೆ ಕತ್ತರಿ ಆಕಾರದಲ್ಲಿ ಅಡ್ಡಡ್ಡ ದಾಟಿಸಿ ಕಟ್ಟಬೇಕು. ಆಗ ಪಿನ್ ಹಾರಿದರೂ ಟ್ರೇಲರ್‌ನ ಮೂತಿ ರಸ್ತೆಗೆ ಬೀಳದೆ ಸರಪಳಿಯ ಮಡಿಲಿಗೆ ಬೀಳುತ್ತದೆ. ತಿರುವಿನಲ್ಲಿ ಎಳೆಯದಷ್ಟು ಉದ್ದ, ನೆಲಕ್ಕೆ ತಾಗದಷ್ಟು ಗಿಡ್ಡ ಇರಬೇಕು.

ಟೈರಿನ ಬಗ್ಗೆ ಒಂದು ಮಾತು. ಟ್ರೇಲರ್ ಟೈರ್ ಸವೆದು ಹಾಳಾಗುವುದು ಕಡಿಮೆ. ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ರಬ್ಬರ್ ಒಣಗಿ ಪಕ್ಕದ ಗೋಡೆ ಬಿರುಕು ಬಿಡುತ್ತದೆ. ನೆಲಕ್ಕೆ ತಾಗುವ ಕಡೆಯ ಗುಬ್ಬಿಗಳು ಹೊಸದರ ಹಾಗೇ ಕಾಣುತ್ತವೆ, ಮೋಸ ಹೋಗಬಾರದು. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಬೇಕು. ಓಡಿದ ಟೈರ್ ಬಿಸಿಯಾಗಿ ಜಾಸ್ತಿ ತೋರಿಸುತ್ತದೆ. ಚಕ್ರದ ನಟ್ಟುಗಳಿಗೆ ನಾನು ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ, ನಟ್ಟಿನಿಂದ ಚಕ್ರದವರೆಗೆ. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಪಂಚರ್ ಹಾಕಿಸಿ ಚಕ್ರ ಕೂರಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದಾಗ ಸ್ಪ್ಯಾನರ್ ಹಾಕಿ ಮತ್ತೊಮ್ಮೆ ಬಿಗಿ ಮಾಡಬೇಕು. ಲೈಟ್ ಕೂಡ ದಿನವೂ ನೋಡಬೇಕಾದದ್ದು. ನಮ್ಮ ಮಳೆಗೆ ಪ್ಲಗ್ಗಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ, ಇಲಿಗಳು ವೈರು ಕಡಿಯುತ್ತವೆ.

ಹಲಗೆಯ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬೇರೆ ಇದೆ. ಪಕ್ಕದ ಮನೆಯ ಟ್ರ್ಯಾಕ್ಟರ್ ತಂದಾಗ ಮಾತ್ರ ಓದುವುದು. "ಎರಡು ಬ್ರೇಕ್ ಪೆಡಲ್ ಸೇರಿಸಿ ಕೊಂಡಿ ಹಾಕು." ಗದ್ದೆಯಲ್ಲಿ ಗಿರಕಿ ತಿರುಗಿಸಲು ಎಡ ಬಲ ಚಕ್ರಕ್ಕೆ ಬೇರೆ ಬೇರೆ ಪೆಡಲ್ ಬೇಕು. ರಸ್ತೆಗೆ ಬಂದ ಮೇಲೆ ಎರಡನ್ನೂ ಸೇರಿಸದಿದ್ದರೆ, ಅವಸರದಲ್ಲಿ ಒಂದನ್ನೇ ತುಳಿದರೆ, ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆದು ಮಗುಚುತ್ತದೆ. ಗದ್ದೆಯಿಂದ ನೇರ ರಸ್ತೆಗೆ ಹತ್ತುವ ನಮ್ಮ ಊರುಗಳಲ್ಲಿ ಇದನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕು ಎಂದು ನನಗೆ ಅನಿಸುತ್ತದೆ.

ಹಲಗೆ ಶೆಡ್ಡಿನಲ್ಲಿರುತ್ತದೆ, ದಾರಿಯಲ್ಲಿ ಅದು ಬರುವುದಿಲ್ಲ. ಆದರೆ ಪರೀಕ್ಷೆ ಶೆಡ್ಡಿಗೆ ಮುಗಿಯುವುದಿಲ್ಲ. ಮಿಲಿಟರಿಯಲ್ಲಿ ಗಾಡಿ ಓಡಿಸಿ ನಿವೃತ್ತರಾದ ನನ್ನ ಮಾವ ಇದನ್ನು ಹೇಳಿಕೊಟ್ಟರು. ಹೊರಡುವ ಮೊದಲು ಒಂದು ಸಲ, ದಾರಿಯಲ್ಲಿ ನಿಂತಾಗ ಒಂದು ಸಲ, ಬಂದು ಸೇರಿದ ಮೇಲೆ ಒಂದು ಸಲ. ಬಂದು ಸೇರಿದ ಮೇಲೆ ಏನು ನೋಡುವುದು ಎಂದು ಕೇಳಿದ್ದೆ. "ನಾಳೆ ಅವಸರದಲ್ಲಿ ಕಾಣದೆ ಹೋಗುವುದನ್ನು ಇವತ್ತೇ ನೋಡು ಮಗಳೇ" ಎಂದರು. ಟ್ರೇಲರ್ ಬಿಚ್ಚುವ ಮೊದಲು ಚಕ್ರಕ್ಕೆ ಕಲ್ಲು, ಆಮೇಲೆ ಪಿನ್. ಈ ಕ್ರಮ ತಪ್ಪಿದರೆ ಕಣದಿಂದಲೇ ಟ್ರೇಲರ್ ಗದ್ದೆಗೆ ಇಳಿಯುತ್ತದೆ. ಇಳಿಜಾರಿನ ಬಗ್ಗೆಯೂ ಅವರದ್ದು ಒಂದೇ ಮಾತು, ಹತ್ತುವ ಗೇರಿನಲ್ಲೇ ಇಳಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವವರನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಿಂದಿನಿಂದ ಅರ್ಧ ಟನ್ ತಳ್ಳುತ್ತಿರುವಾಗ ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ.

ಈ ಫೆಬ್ರವರಿಯಲ್ಲಿ ಒಣಗಿದ ಕಾಫಿ ಹಣ್ಣು, ಅಂದರೆ ಚೆರ್ರಿ, ಎಂಟು ಚೀಲ ಹಾಕಿಕೊಂಡು ಕುಶಾಲನಗರಕ್ಕೆ ಹೊರಟಿದ್ದೆವು. ಹನ್ನೊಂದು ಸಾಲೂ "ಉಂಟು ಅಮ್ಮ". ನಮ್ಮ ದಾರಿಯಲ್ಲಿ ಆನೆಕಾಡು ಸಿಗುತ್ತದೆ. ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ, ಆನೆ ಯಾವ ಬದಿಯಿಂದ ಬರುತ್ತದೋ ಹೇಳಲಾಗುವುದಿಲ್ಲ. ಅದಕ್ಕೆ ಕಾಡು ಶುರುವಾಗುವ ಮೊದಲೇ ಅಗಲ ಜಾಗದಲ್ಲಿ ನಿಲ್ಲಿಸಿ ಒಂದು ಸುತ್ತು ಹಾಕುವುದು ನಮ್ಮ ಪದ್ಧತಿ. ಪಿನ್ ನೋಡಿದೆ, ಸರಪಳಿ ನೋಡಿದೆ. ಚಕ್ರದ ಮಧ್ಯದ ಹಬ್ಬಿಗೆ ಅಂಗೈಯ ಹಿಂಬದಿ ಹತ್ತಿರ ಹಿಡಿದೆ. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದು ಕೈ ತಾಗಿಸಲು ಆಗದಷ್ಟು ಸುಡುತ್ತಿತ್ತು.

ಬ್ರೇಕೇ ಇಲ್ಲದ ಚಕ್ರ ಹಾಗೆ ಕಾಯುವುದೆಂದರೆ ಬೇರಿಂಗ್. ಗ್ರೀಸ್ ಹೋಗಿದೆ. ಅಲ್ಲಿಂದ ಮುಂದೆ ಹೋಗಲಿಲ್ಲ. ಕುಶಾಲನಗರದಿಂದ ಒಂದು ಪಿಕಪ್ ಕರೆಸಿ ಚೀಲ ಅದಕ್ಕೆ ಹಾಕಿದೆವು. ಬಾಡಿಗೆ ಹೋಯಿತು, ಅರ್ಧ ದಿನ ಹೋಯಿತು. ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿದಾಗ ಬೇರಿಂಗ್‌ನ ಉಕ್ಕಿನ ಗುಂಡುಗಳು ನೀಲಿಗಟ್ಟಿದ್ದವು. ಎರಡು ಚೂರಾಗಿ ಕೈಗೆ ಬಂದವು.

ಅಣ್ಣ ಅದನ್ನು ನೋಡುತ್ತಾ ನಿಂತಿದ್ದರು. ಮನೆಗೆ ಬಂದ ಮೇಲೆ ಶೆಡ್ಡಿಗೆ ಹೋಗಿ ಹಲಗೆಯ ಎದುರು ನಿಂತು, "ಅಮ್ಮ, ಗ್ರೀಸಿನದ್ದು ಇದರಲ್ಲಿ ಎಲ್ಲಿ ಉಂಟು?" ಎಂದು ಕೇಳಿದರು. ಇರಲಿಲ್ಲ. ಈಗ ಅದೇ ಜಾಗದಲ್ಲಿ, ಅವರು ಬೆರಳಿಟ್ಟು ತೋರಿಸಿದಲ್ಲಿ, ಹನ್ನೆರಡನೇ ಸಾಲು ಬರೆದಿದ್ದೇನೆ. ಪೇಂಟ್ ಇನ್ನೂ ಒಣಗಿಲ್ಲ.